ಇಪ್ಪತ್ತು ವರ್ಷ ಆಡಿದ ಬೇಸ್‌ಬಾಲ್ ಪ್ಲೇಯರ್ ಹಾಲ್ ಆಫ್ ಫೇಮ್‌ಗೆ ಲಾಯಕ್ಕಾ? ಅಳೆಯೋದು ಹೀಗೆ

ಚಿಕ್ಕಮಗಳೂರಲ್ಲಿ ಬೇಸ್‌ಬಾಲ್ ನೋಡೋರು ಕಮ್ಮಿ, ಆದ್ರೆ ಇದೀವಿ, ಅಮೆರಿಕದಲ್ಲಿ ರಾತ್ರಿ ಮ್ಯಾಚ್ ಅಂದ್ರೆ ನಮಗೆ ಬೆಳಗಿನ ಕಾಫಿ ಟೈಮು, ಹಂಗಾಗಿ ಅನುಕೂಲಾನೇ. ಹಾಲ್ ಆಫ್ ಫೇಮ್, ಅಂದ್ರೆ ಬೇಸ್‌ಬಾಲ್‌ನ ಮಹಾನ್ ಪ್ಲೇಯರ್‌ಗಳನ್ನ ಸೇರಿಸ್ಕೊಳ್ಳೋ ಗೌರವದ ಪಟ್ಟಿ, ಅದರ ವಿಷಯ ಬಂದ್ರೆ ಸಾಕು, "ಪಾಪ 22 ವರ್ಷ ಆಡಿದಾನೆ, ಕೊಡಬೇಕಪ್ಪ" ಅಂತ ಒಬ್ರು ಶುರು ಮಾಡ್ತಾರೆ. ಹಳೇ ಪ್ಲೇಯರ್‌ಗಳ ಮೇಲೆ ನನಗೂ ಪ್ರೀತಿ ಜಾಸ್ತಿ, ಅದಕ್ಕೇ ಹೇಳ್ತಿರೋದು, ಪಾಪ ಅಂತ ಕೊಡೋ ಗೌರವ ಅಲ್ಲ ಇದು. ಸರಿಯಾಗಿ ಅಳೆದು ಆಮೇಲೆ ವಾದ ಮಾಡಿ.

ಮೊದಲು ರೂಲ್ಸ್ ತಿಳ್ಕೊಳ್ಳಿ. ಕನಿಷ್ಠ 10 ಸೀಸನ್ ಆಡಿರಬೇಕು, ರಿಟೈರ್ ಆಗಿ 5 ವರ್ಷ ಕಳೆದಿರಬೇಕು. ವೋಟ್ ಹಾಕೋರು ಬೇಸ್‌ಬಾಲ್ ಪತ್ರಕರ್ತರು, ಒಬ್ಬೊಬ್ರು ಜಾಸ್ತಿ ಅಂದ್ರೆ 10 ಹೆಸರು ಬರೀಬಹುದು, 75 ಪರ್ಸೆಂಟ್ ಬಂದ್ರೆ ಒಳಗೆ, 5 ಪರ್ಸೆಂಟ್ ಕೂಡ ಬರ್ಲಿಲ್ಲ ಅಂದ್ರೆ ಲಿಸ್ಟಿಂದಾನೇ ಔಟ್, ಬಂದ್ರೂ 10 ವರ್ಷ ಮಾತ್ರ ಚಾನ್ಸ್. ಅದು ಮುಗಿದ್ಮೇಲೆ 16 ಜನರ ಕಮಿಟಿ ಒಂದಿದೆ, ಅಲ್ಲಿ 12 ವೋಟ್ ಬೇಕು. ಅಂದ್ರೆ ಹತ್ತು ಸೀಸನ್ ಆಡೋದು ಬರೀ ಅರ್ಜಿ ಹಾಕೋಕೆ ಬೇಕಾದ ಅರ್ಹತೆ, ಮಿಕ್ಕ ಹನ್ನೆರಡು ವರ್ಷಕ್ಕೆ ತಾನಾಗೇ ಮಾರ್ಕ್ಸ್ ಸಿಗಲ್ಲ.

ಈಗ ಎಲ್ಲಾ ಪ್ಲೇಯರ್‌ಗಳ ಅಂಕಿಅಂಶ ಇರೋ ಬೇಸ್‌ಬಾಲ್ ರೆಫರೆನ್ಸ್ ವೆಬ್‌ಸೈಟಲ್ಲಿ ನೀವು ಅಳೀಬೇಕಾದ ಪ್ಲೇಯರ್ ಪೇಜ್ ತೆಗೀರಿ. ಎಲ್ರ ಕಣ್ಣು ಕೆಳಗಡೆ ಟೋಟಲ್ ಮೇಲೇ ಹೋಗತ್ತೆ, 3000 ಹಿಟ್ (ಹೊಡೆದು ಔಟಾಗದೆ ಬೇಸ್ ಮುಟ್ಟಿದ್ದು) ಇದೆಯಾ, 500 ಹೋಮ್ ರನ್ (ನಮ್ಮ ಸಿಕ್ಸರ್ ಥರ) ಇದೆಯಾ, ಪಿಚರ್ ಅಂದ್ರೆ ಬಾಲ್ ಹಾಕೋನು ಆದ್ರೆ 300 ಗೆಲುವು ಇದೆಯಾ ಅಂತ. ಆ ಸಾಲನ್ನ ಕೈಯಿಂದ ಮುಚ್ಚಿ, ಮೇಲಿಂದ ಒಂದೊಂದೇ ವರ್ಷ ಓದ್ಕೊಂಡು ಬನ್ನಿ. ಕೆಲವು ನಂಬರ್ ದಪ್ಪ ಅಕ್ಷರದಲ್ಲಿ ಇರ್ತವೆ, ಆ ವರ್ಷ ಆ ಲೀಗ್‌ನಲ್ಲಿ ಅವನೇ ಫಸ್ಟ್ ಅಂತ ಅರ್ಥ. ಅದನ್ನ ಎಣಿಸಿ.

ಹೆರಾಲ್ಡ್ ಬೇನ್ಸ್ ಪೇಜಲ್ಲೇ ಮಾಡಿ ನೋಡಿ. 22 ಸೀಸನ್, 2,866 ಹಿಟ್, 384 ಹೋಮ್ ರನ್, 1,628 ಆರ್‌ಬಿಐ (ಅವನ ಬ್ಯಾಟಿಂಗಿಂದ ಟೀಮ್‌ಗೆ ಬಂದ ರನ್), ಕೇಳೋಕೆ ಎಷ್ಟು ಭರ್ಜರಿ ಅಲ್ವಾ. ಆದ್ರೆ ವರ್ಷಾವಾರು ಓದಿದ್ರೆ ಒಂದ್ಸಲಾನೂ 30 ಹೋಮ್ ರನ್ ಇಲ್ಲ, 200 ಹಿಟ್ ಇಲ್ಲ, ದಪ್ಪ ಅಕ್ಷರ ಹುಡುಕಬೇಕು, 1984ರ ಸ್ಲಗಿಂಗ್, ಅಂದ್ರೆ ಹೊಡೆತದ ಬಲ ತೋರಿಸೋ ಸರಾಸರಿ, ಅದೊಂದು ಕಾಣತ್ತೆ ಅಷ್ಟೆ. ಕೆರಿಯರ್‌ನ ಹೆಚ್ಚಿನ ಭಾಗ ಡಿಎಚ್ ಆಗಿ ಆಡಿದ್ದು, ಅಂದ್ರೆ ಬರೀ ಬ್ಯಾಟಿಂಗ್, ಫೀಲ್ಡಿಂಗ್ ಲೆಕ್ಕಕ್ಕೇ ಬರಲ್ಲ. ಪತ್ರಕರ್ತರ ವೋಟಲ್ಲಿ 6.1 ಪರ್ಸೆಂಟ್ ದಾಟಲೇ ಇಲ್ಲ, ಆಮೇಲೆ 2018ರ ಡಿಸೆಂಬರಲ್ಲಿ ಕಮಿಟಿ ಸರಿಯಾಗಿ 12 ವೋಟ್ ಕೊಟ್ಟು ಒಳಗೆ ಸೇರಿಸ್ತು. ತುಂಬಾ ಒಳ್ಳೇ ಬ್ಯಾಟರ್, ಆದ್ರೆ ನನ್ನ ಲೆಕ್ಕದಲ್ಲಿ ಅದು ತಪ್ಪು ತೀರ್ಮಾನ. ತೋಟ ಎಷ್ಟು ಹಳೇದು ಅಂತ ನಮ್ಮಲ್ಲಿ ಯಾರಾದ್ರೂ ಕೇಳ್ತಾರಾ, ಎಕರೆಗೆ ಎಷ್ಟು ಮೂಟೆ ಬಂತು ಅಂತ ತಾನೇ ಕೇಳೋದು.

ಇದರ ಉಲ್ಟಾ ಪಿಚರ್ ಸ್ಯಾಂಡಿ ಕೌಫ್ಯಾಕ್ಸ್. 12 ಸೀಸನ್, ಬರೀ 165 ಗೆಲುವು, ಮೊಣಕೈ ಹಾಳಾಗಿ 30ನೇ ವಯಸ್ಸಿಗೇ ನಿಲ್ಲಿಸಿದ್ರು, ಆದ್ರೆ 1962ರಿಂದ 1966ರ ತನಕ ಐದೂ ವರ್ಷ ಲೀಗ್‌ನಲ್ಲಿ ಎಲ್ರಿಗಿಂತ ಕಮ್ಮಿ ಇಆರ್‌ಎ (ಒಂಬತ್ತು ಇನ್ನಿಂಗ್ಸ್‌ಗೆ ಪಿಚರ್ ಕೊಡೋ ಸರಾಸರಿ ರನ್) ಅವರದ್ದೇ. 1972ರಲ್ಲಿ ಮೊದಲ ಸಲಕ್ಕೇ ಒಳಗೆ. ಬೆಳವಾಡಿ ದಾಟಿದ್ರೆ ಸಿಗೋ ಜಾವಗಲ್ ಹೆಸರಿಟ್ಕೊಂಡಿರೋ ನಮ್ಮ ಶ್ರೀನಾಥ್ ಬಗ್ಗೆ ಮಾತಾಡುವಾಗಲೂ 236 ಟೆಸ್ಟ್ ವಿಕೆಟ್ ಅಂತ ಹೇಳಿ ಸುಮ್ನಾಗಲ್ಲ ನಾವು, 1999ರಲ್ಲಿ ಕೋಲ್ಕತ್ತಾದಲ್ಲಿ ಪಾಕಿಸ್ತಾನದ ಮೇಲೆ ಒಂದೇ ಟೆಸ್ಟಲ್ಲಿ 13 ವಿಕೆಟ್ ತೆಗೆದಿದ್ದು ನೆನೆಸ್ಕೊತೀವಿ. ಅತ್ಯುತ್ತಮ ವರ್ಷಗಳಲ್ಲಿ ಎಷ್ಟು ಎತ್ತರಕ್ಕೆ ಹೋಗಿದ್ದ ಅನ್ನೋದು ಬೇಕೇ ಬೇಕು.

ಇಡೀ ಕೆರಿಯರ್, ಅತ್ಯುತ್ತಮ ವರ್ಷಗಳು ಎರಡನ್ನೂ ಸೇರಿಸಿ ನೋಡೋಕೆ ಜೇ ಜಾಫಿ ಅನ್ನೋರು ಮಾಡಿರೋ ಜಾಸ್ ಅಂತ ಒಂದು ಲೆಕ್ಕ ಇದೆ, ಕಷ್ಟ ಏನಿಲ್ಲ. ವಾರ್ ಅಂತ ಒಂದು ನಂಬರ್ ಇರತ್ತೆ, ಅವನ ಜಾಗದಲ್ಲಿ ಸುಲಭಕ್ಕೆ ಸಿಗೋ ಸಾಧಾರಣ ಪ್ಲೇಯರ್ ಆಡಿದ್ದಿದ್ರೆ ಟೀಮ್ ಎಷ್ಟು ಗೆಲ್ತಿತ್ತೋ ಅದಕ್ಕಿಂತ ಎಷ್ಟು ಜಾಸ್ತಿ ಗೆದ್ದಿದೆ ಅನ್ನೋ ಅಂದಾಜು. ಇಡೀ ಕೆರಿಯರ್ ವಾರ್ ಒಂದು ಕಡೆ, ಬೆಸ್ಟ್ ಏಳು ವರ್ಷದ ವಾರ್ ಇನ್ನೊಂದು ಕಡೆ, ಕೂಡಿಸಿ ಎರಡರಿಂದ ಭಾಗಿಸಿ. ಆಮೇಲೆ ಅದೇ ಪೊಸಿಷನ್‌ನಲ್ಲಿ ಆಗಲೇ ಒಳಗಿರೋರ ಸರಾಸರಿ ಜೊತೆ ಹೋಲಿಸಿ. ಶಾರ್ಟ್‌ಸ್ಟಾಪ್ ಅಂದ್ರೆ ಎರಡನೇ ಮೂರನೇ ಬೇಸ್ ಮಧ್ಯೆ ಕಷ್ಟದ ಫೀಲ್ಡಿಂಗ್ ಮಾಡೋನು, ಅವನನ್ನ ಇನ್ನೊಬ್ಬ ಶಾರ್ಟ್‌ಸ್ಟಾಪ್ ಜೊತೆಗೇ ಹೋಲಿಸ್ಬೇಕು ಮಾರಾಯ್ರೆ, ಫಸ್ಟ್ ಬೇಸ್‌ಮನ್ ಹೋಮ್ ರನ್ ಜೊತೆ ಇಟ್ರೆ ಅನ್ಯಾಯ.

ಇಲ್ಲಿಗೆ ನಿಲ್ಲಿಸ್ಬೇಡಿ, ಎಲ್ಲಿ ಆಡಿದ, ಯಾವ ಟೀಮಲ್ಲಿ ಆಡಿದ ಅನ್ನೋದೂ ನೋಡಿ. ಅಮೆರಿಕದ ಡೆನ್ವರ್ ಊರು ಸುಮಾರು 1,600 ಮೀಟರ್ ಎತ್ತರದಲ್ಲಿದೆ, ನಮ್ಮ ಮುಳ್ಳಯ್ಯನಗಿರಿ 1,930 ಅಂದ್ಕೊಂಡ್ರೆ ಅಂದಾಜು ಸಿಗತ್ತೆ, ಗಾಳಿ ತೆಳು, ಬಾಲ್ ದೂರ ಹೋಗತ್ತೆ. ಅಲ್ಲಿ ಆಡಿದ ಬ್ಯಾಟರ್ ಲ್ಯಾರಿ ವಾಕರ್‌ಗೆ ಇದೇ ಅನುಮಾನದಿಂದ ಹತ್ತನೇ ಅಂದ್ರೆ ಕೊನೇ ವರ್ಷದ ತನಕ ಕಾಯಿಸಿದ್ರು. ಪಿಚರ್‌ಗಳ ಗೆಲುವು ಇನ್ನೂ ಮೋಸ, ಟೀಮ್ ರನ್ ಹೊಡೀದೇ ಇದ್ರೆ ಅವನು ಏನು ಮಾಡಕ್ಕಾಗತ್ತೆ. ಬರ್ಟ್ ಬ್ಲೈಲೆವೆನ್ 22 ಸೀಸನ್ ಆಡಿ 287 ಗೆದ್ದು 250 ಸೋತ್ರು, ಆ ಸೋಲು ನೋಡಿ ಮೊದಲನೇ ವರ್ಷ 17.5 ಪರ್ಸೆಂಟ್ ಕೊಟ್ಟಿದ್ರು. ಆದ್ರೆ 3,701 ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕಲ್ಲಿ ಬ್ಯಾಟರ್‌ನ ಔಟ್ ಮಾಡೋದು), 60 ಶಟ್‌ಔಟ್, ಅಂದ್ರೆ 60 ಮ್ಯಾಚಲ್ಲಿ ಒಬ್ರೇ ಪೂರ್ತಿ ಬಾಲ್ ಹಾಕಿ ಎದುರಾಳಿಗೆ ಒಂದೂ ರನ್ ಕೊಟ್ಟಿಲ್ಲ! 14ನೇ ಸಲಕ್ಕೆ, 2011ರಲ್ಲಿ ಆಯ್ಕೆ ಆದ್ರು, ಆಗ 15 ವರ್ಷದ ತನಕ ಚಾನ್ಸ್ ಇತ್ತು. ದೀರ್ಘ ಕೆರಿಯರ್‌ಗೆ ಗೌರವ ಸಿಗಬೇಕು ಅಂದ್ರೆ ಇಂಥವ್ರಿಗೆ ಸಿಗಬೇಕು.

ಅದೇ ಜೇಮಿ ಮೋಯರ್ ಪೇಜ್ ತೆಗೀರಿ. 25 ಸೀಸನ್, 269 ಗೆಲುವು, 2012ರಲ್ಲಿ 49ನೇ ವಯಸ್ಸಲ್ಲಿ ಮ್ಯಾಚ್ ಗೆದ್ದ ಅತಿ ಹಿರಿಯ ಪಿಚರ್, ಗಂಟೆಗೆ 130 ಕಿಲೋಮೀಟರ್ ಆಸುಪಾಸಿನ ಬಾಲ್ ಹಾಕ್ಕೊಂಡು ಬರೀ ತಲೆ ಓಡಿಸಿ ಆಡಿದೋರು. ನನಗೆ ಅವರನ್ನ ಕಂಡ್ರೆ ತುಂಬಾ ಇಷ್ಟ. ಆದ್ರೆ ಇಆರ್‌ಎ 4.25, ಆ ವರ್ಷದ ಬೆಸ್ಟ್ ಪ್ಲೇಯರ್‌ಗಳು ಆಡೋ ಆಲ್ ಸ್ಟಾರ್‌ ಮ್ಯಾಚ್‌ಗೆ ಆಯ್ಕೆ ಆಗಿದ್ದು ಒಂದೇ ಸಲ, ಕೊಟ್ಟ ಹೋಮ್ ರನ್ 522. ಇಲ್ಲ ಅಂತಾನೇ ಹೇಳ್ಬೇಕಾಗತ್ತೆ, ಬೇಜಾರಾದ್ರೂ.

ಲೆಕ್ಕಕ್ಕೆ ಸಿಗದೇ ಇರೋ ಕೇಸು ಅಂದ್ರೆ ಪಿಚರ್ ಟಾಮಿ ಜಾನ್. 26 ಸೀಸನ್, 288 ಗೆಲುವು. 1974ರಲ್ಲಿ ಎಡ ಮೊಣಕೈ ಲಿಗಮೆಂಟ್ ಹರಿದು ಹೋಯ್ತು, ಡಾಕ್ಟರ್ ಫ್ರಾಂಕ್ ಜೋಬ್ ಬಲಗೈಯಿಂದ ಟೆಂಡನ್ ತೆಗೆದು ಅಲ್ಲಿ ಕೂರಿಸಿದ್ರು, ಅದಕ್ಕೂ ಮುಂಚೆ ಯಾವ ಪಿಚರ್‌ಗೂ ಮಾಡದೇ ಇದ್ದ ಆಪರೇಷನ್. 1976ರಲ್ಲಿ ವಾಪಸ್ ಬಂದು 164 ಮ್ಯಾಚ್ ಗೆದ್ರು, ಒಂದೇ ಸೀಸನ್‌ನಲ್ಲಿ 20 ಗೆಲುವು ಮುಟ್ಟಿದ್ದು ಮೂರು ಸಲ, ಅದೂ ಆಪರೇಷನ್ ಆದ್ಮೇಲೇನೇ. ಇವತ್ತು ಮೊಣಕೈ ಕೆಟ್ಟ ಪಿಚರ್‌ಗಳು ಅವರ ಹೆಸರಿನ ಆಪರೇಷನ್ನೇ ಮಾಡಿಸ್ಕೊಂಡು ವಾಪಸ್ ಬಂದು ಆಡ್ತಾರೆ. ಜಾಸ್ ಲೆಕ್ಕದಲ್ಲಿ ಕಮ್ಮಿ ಬೀಳ್ತಾರೆ, ಹೌದು, ಆದ್ರೆ ಆಟದ ಮೇಲೆ ಇಷ್ಟು ಪರಿಣಾಮ ಬೀರಿದ ಕೆರಿಯರ್‌ಗೆ ನಾನಂತೂ ಕಣ್ಣುಮುಚ್ಚಿ ವೋಟ್ ಹಾಕ್ತೀನಿ. 2024ರ ಡಿಸೆಂಬರಲ್ಲಿ ಕಮಿಟಿ ಕೂತಾಗ 12 ಬೇಕಿದ್ದ ಕಡೆ 7 ವೋಟ್ ಮಾತ್ರ ಬಂತು.