ನೋವಿನ ಕಣ್ಣಿಗೆ ಲೇಸರ್: ನನ್ನ ಅನುಭವ

ಆಷಾಢದ ಮಳೆಯಲ್ಲಿ ಸೋಮವಾರಪೇಟೆ ಕಡೆಯಿಂದ ಮಡಿಕೇರಿಗೆ ಬಂದ ಅಜ್ಜ ಬಲಗಣ್ಣಿಗೆ ಟವೆಲು ಒತ್ತಿಕೊಂಡೇ ಕುಳಿತರು. "ನಿದ್ದೆಯಿಲ್ಲ ಡಾಕ್ಟರೇ, ಈ ಕಣ್ಣನ್ನು ಕಿತ್ತುಬಿಡಿ" ಎಂದರು. ಹಳೆಯ ಸಕ್ಕರೆ ಕಾಯಿಲೆ. ಕಣ್ಣಿನ ಬಣ್ಣದ ಭಾಗವಾದ ಐರಿಸ್ ಮೇಲೆ ಹೊಸ ರಕ್ತನಾಳಗಳು ಹಬ್ಬಿ, ಕಣ್ಣೊಳಗಿನ ನೀರು ಹೊರಹೋಗುವ ದಾರಿ ಮುಚ್ಚಿಹೋಗಿತ್ತು. 10ರಿಂದ 21 ಮಿ.ಮೀ. ಪಾದರಸದೊಳಗೆ ಇರಬೇಕಾದ ಕಣ್ಣಿನ ಒತ್ತಡ 52ಕ್ಕೆ ಏರಿತ್ತು. ಟಾರ್ಚಿನ ಬೆಳಕೂ ಆ ಕಣ್ಣಿಗೆ ತಿಳಿಯುತ್ತಿರಲಿಲ್ಲ. ಹನಿ, ಮಾತ್ರೆ ಯಾವುದಕ್ಕೂ ಒತ್ತಡ ಬಗ್ಗಲಿಲ್ಲ.

"ಗದ್ದೆಯ ಕೆಳಗಿನ ಕಂಡಿ ಮುಚ್ಚಿದೆ ಅಜ್ಜ, ಮೇಲಿನಿಂದ ಬರುವ ನೀರನ್ನು ಕಡಿಮೆ ಮಾಡುತ್ತೇನೆ. ನೋವು ಇಳಿಯಬಹುದು, ನೋಟ ಮಾತ್ರ ಮರಳುವುದಿಲ್ಲ" ಎಂದೆ. ಅದನ್ನು ಅವರ ಬಾಯಿಂದಲೇ ಮತ್ತೊಮ್ಮೆ ಹೇಳಿಸಿದ ಮೇಲೆಯೇ ಸಹಿ ಹಾಕಿಸಿಕೊಂಡೆ.

ನೀರು ಹುಟ್ಟುವುದು ಐರಿಸ್‌ನ ಹಿಂದೆ ಬಳೆಯಂತಿರುವ ಸಿಲಿಯರಿ ಬಾಡಿಯಲ್ಲಿ. 810 ನ್ಯಾನೋಮೀಟರ್ ಡಯೋಡ್ ಲೇಸರ್ ಕಣ್ಣಿನ ಬಿಳಿಭಾಗವನ್ನು ಹಾದುಹೋಗಿ ಅಲ್ಲಿನ ಕಪ್ಪು ವರ್ಣದ್ರವ್ಯಕ್ಕೆ ತಾಗುತ್ತದೆ; ಆ ಶಾಖಕ್ಕೆ ನೀರು ಹುಟ್ಟಿಸುವ ಭಾಗ ತುಸು ಸುಟ್ಟು, ನೀರು ಕಡಿಮೆಯಾಗುತ್ತದೆ. ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು ಹತ್ತು ನಿಮಿಷ ಕಾದೆ. ಕರಿಗುಡ್ಡೆಯ ಅಂಚಿನಿಂದ ಸುಮಾರು 1.2 ಮಿಲಿಮೀಟರ್ ಹಿಂದೆ ಲೇಸರ್ ಬೀಳುವಂತೆ, ಅದನ್ನು ಹಾಯಿಸುವ ಪೆನ್ನಿನಂಥ ಪ್ರೋಬ್ ಇಟ್ಟು ಒತ್ತಿದಾಗ ಕೆಂಪಗಿದ್ದ ಜಾಗ ಬಿಳಿಚಿಕೊಂಡಿತು. ಕಣ್ಣಿನ ಮೇಲ್ಮೈ ಒದ್ದೆಯಾಗಿರಬೇಕು. ತುದಿಗೆ ರಕ್ತ ಅಂಟಿದರೆ ಮೇಲ್ಪದರವೇ ಸುಡುತ್ತದೆ.

ನಾನು ಕಲಿತ ಕ್ರಮ ಬೇರೆ: ಎರಡು ಸೆಕೆಂಡಿನ ಹೊಡೆತ, 'ಟಪ್' ಎಂಬ ಸದ್ದು ಕೇಳುವವರೆಗೆ ಶಕ್ತಿ ಏರಿಸಿ, ಆಮೇಲೆ ತುಸು ಇಳಿಸುವುದು. ಆ ಸದ್ದೆಂದರೆ ಒಳಗಿನ ಅಂಗಾಂಶ ಸಿಡಿದಂತೆ. ಶೀಟಿನ ಮಾಡಿನ ಮೇಲೆ ನಮ್ಮ ಮಳೆ ಸುರಿಯುವಾಗ ಅದು ಕೇಳುವುದಾದರೂ ಹೇಗೆ? ನಮ್ಮವರ ಕಂದು ಕಣ್ಣುಗಳು ಲೇಸರ್ ಬೆಳಕನ್ನು ಹೆಚ್ಚು ಹೀರುತ್ತವೆ ಕೂಡ. ಅದಕ್ಕೇ ನಾನು 1250 ಮಿಲಿವ್ಯಾಟ್, ನಾಲ್ಕು ಸೆಕೆಂಡು ಎಂಬ ನಿಧಾನದ ಕ್ರಮಕ್ಕೆ ಬಂದೆ. ಕಣ್ಣನ್ನು ಗಡಿಯಾರವೆಂದುಕೊಂಡರೆ 3 ಮತ್ತು 9ರ ಜಾಗದಲ್ಲಿ ನರಗಳೂ ರಕ್ತನಾಳಗಳೂ ಹಾಯುವುದರಿಂದ ಅವನ್ನು ಬಿಟ್ಟೆ. ಸುತ್ತಿನ ಕಾಲು ಭಾಗವನ್ನು ಮುಟ್ಟಲೇ ಇಲ್ಲ. ಹಿಂದೊಮ್ಮೆ ಸುತ್ತಲೂ ಹೊಡೆದು, ಒಬ್ಬರ ಕಣ್ಣು ಒತ್ತಡವೇ ಇಲ್ಲದೆ ಕುಗ್ಗಿಹೋಗಿತ್ತು. ಆ ಕಣ್ಣು ನನಗೆ ಇಂದಿಗೂ ನೆನಪಿದೆ.

ನೋವು, ಉರಿಯೂತ ತಗ್ಗಲು ಅಟ್ರೋಪಿನ್, ಸ್ಟೀರಾಯ್ಡ್ ಹನಿ ಬರೆದೆ. ಹಳೆಯ ಹನಿಗಳನ್ನು ತಕ್ಷಣ ನಿಲ್ಲಿಸಲಿಲ್ಲ. ಪರಿಣಾಮ ಕಾಣಲು ವಾರಗಳೇ ಬೇಕು. ತಿಂಗಳ ಮೇಲೆ ಒತ್ತಡ 24. "ರಾತ್ರಿ ಪೂರ್ತಿ ಮಲಗುತ್ತೇನೆ" ಎಂದರು ಅಜ್ಜ. ಎಡಗಣ್ಣಿನ ರೆಟಿನಾದಲ್ಲೂ ಸಕ್ಕರೆಯ ಹಾನಿ ಶುರುವಾಗಿತ್ತು. ಮೈಸೂರಿನ ರೆಟಿನಾ ತಜ್ಞರಿಗೆ ಚೀಟಿ ಬರೆದು, ಅದರ ಹಿಂಬದಿಯಲ್ಲಿ ಬೆಳಗಿನ ಬಸ್ಸಿನ ಸಮಯವನ್ನೂ ದಪ್ಪಕ್ಷರದಲ್ಲಿ ಬರೆದುಕೊಟ್ಟೆ.