ಆಂಬುಲೆನ್ಸ್ ಹೊರಡುವ ಮೊದಲು

ಹೊಸದಾಗಿ ಎಂ.ಡಿ ಮುಗಿಸಿದವರು ಆಗಾಗ ಫೋನ್ ಮಾಡಿ ಕೇಳುತ್ತಾರೆ: "ಸರ್, ಮಕ್ಕಳ ಎಮರ್ಜೆನ್ಸಿಯಲ್ಲೇ ಕೆಲಸ ಮಾಡ್ಬೇಕು ಅಂತಿದ್ದೇನೆ. ಕಾರವಾರದಂಥ ಊರಲ್ಲಿ ಇದ್ದು ಅದೆಲ್ಲ ಆಗ್ತದಾ? ಪಾಠ, ರಿಸರ್ಚ್ ಎಲ್ಲ?" ಆಗುತ್ತದೆ. ಆದರೆ ದೊಡ್ಡ ಊರಲ್ಲಿ ಕಲಿತದ್ದು ಇಲ್ಲಿ ಹಾಗ್ಹಾಗೇ ನಡೆಯುವುದಿಲ್ಲ.

ನಮ್ಮ ದೇಶದಲ್ಲಿ ಎಮರ್ಜೆನ್ಸಿ ಮೆಡಿಸಿನ್‌ಗೆ ಬೇರೆ ಎಂ.ಡಿ ಅಂತ ಮಾನ್ಯತೆ ಸಿಕ್ಕಿದ್ದೇ 2009ರಲ್ಲಿ. ಅದರಲ್ಲಿ ಮಕ್ಕಳ ವಿಭಾಗ ಇನ್ನೂ ಎಳೆಯದು. ನಾನು ಮಂಗಳೂರಿನಲ್ಲಿ ಮಕ್ಕಳ ವೈದ್ಯಕೀಯ ಓದಿದೆ. ಆಮೇಲೆ ಕೆಲವು ವರ್ಷ ದೊಡ್ಡ ಊರಿನ ಮಕ್ಕಳ ಆಸ್ಪತ್ರೆಯ ಕ್ಯಾಶುವಾಲ್ಟಿಯಲ್ಲಿ ಹಗಲು-ರಾತ್ರಿ ನಿಂತೆ. ಅಲ್ಲಿ ಮಗುವನ್ನು ಸ್ಥಿರ ಮಾಡಿ ಲಿಫ್ಟ್‌ಗೆ ಹಾಕಿದರೆ ಐಸಿಯು ಸಿಗುತ್ತಿತ್ತು. ಇಲ್ಲಿ ಆ ಲಿಫ್ಟ್ ಜಾಗದಲ್ಲಿ ಹೆದ್ದಾರಿ ಇದೆ.

ಕಾರವಾರದಿಂದ ಮಂಗಳೂರು ಸುಮಾರು 270 ಕಿ.ಮೀ. ಹುಬ್ಬಳ್ಳಿಗೆ ಹೋಗಬೇಕೆಂದರೆ ಅರಬೈಲು ಘಟ್ಟ ಹತ್ತಬೇಕು. ಗೋವಾದ ಬಾಂಬೋಳಿಯ ಮೆಡಿಕಲ್ ಕಾಲೇಜು ಆಸ್ಪತ್ರೆ ಹತ್ತಿರ, ಆದರೆ ರಾಜ್ಯ ಬೇರೆ. ಮಳೆಗಾಲದಲ್ಲಿ ಈ ಲೆಕ್ಕವೂ ನಿಲ್ಲುವುದಿಲ್ಲ. 2024ರ ಜುಲೈನಲ್ಲಿ ಅಂಕೋಲಾ ಹತ್ತಿರದ ಶಿರೂರಲ್ಲಿ ಗುಡ್ಡ ಕುಸಿದು ದಕ್ಷಿಣದ ದಾರಿ ಬಂದಾಯಿತು. ಆಗಸ್ಟ್‌ನಲ್ಲಿ ಗೋವಾ ದಾರಿಯ ಕಾಳಿ ನದಿಯ ಹಳೇ ಸೇತುವೆ ಬಿತ್ತು. ಹಾಗಾಗಿ ನಮ್ಮಲ್ಲಿ ಮಗುವಿನ ಹಣೆಬರಹ ಬಹುಪಾಲು ನಿರ್ಧಾರವಾಗುವುದು ಆಂಬುಲೆನ್ಸ್ ಬಾಗಿಲು ಹಾಕುವ ಮೊದಲು. ಜೋಯಿಡಾದಲ್ಲೋ ಹೊನ್ನಾವರದಲ್ಲೋ ಸಿದ್ದಾಪುರದಲ್ಲೋ ಆ ಹೊತ್ತಿಗೆ ಡ್ಯೂಟಿಯಲ್ಲಿರುವ ಸಿಸ್ಟರ್ ಕೈಯಲ್ಲಿ. ಇದು ಅರ್ಥವಾದ ಮೇಲೆ ನನ್ನ ಅರ್ಧ ಕೆಲಸ ನನ್ನ ವಾರ್ಡಿನ ಹೊರಗೆ ಹೋಯಿತು.

ಸಲೈನ್ ವಿಷಯವನ್ನೇ ನೋಡಿ. ಜ್ವರ ಬಂದ ಮಗುವಿನ ಕೈಕಾಲು ತಣ್ಣಗಾಗಿದೆ, ನಾಡಿ ಓಡುತ್ತಿದೆ ಎಂದರೆ ನಮಗೆಲ್ಲ ಕಲಿಸಿದ್ದು ಒಂದೇ: ಕೆ.ಜಿ.ಗೆ 20 ಎಂ.ಎಲ್ ಬೇಗ ಹಾಕು, ಸಾಲದಿದ್ದರೆ ಮತ್ತೆ ಹಾಕು. 2011ರಲ್ಲಿ ಉಗಾಂಡಾ, ಕೀನ್ಯಾ, ಟಾಂಜಾನಿಯಾಗಳಲ್ಲಿ 3141 ಮಕ್ಕಳ ಮೇಲೆ ಮಾಡಿದ 'ಫೀಸ್ಟ್' ಅಧ್ಯಯನ ಹೊರಬಂತು. ಹಾಗೆ ಒಮ್ಮೆಲೇ ದ್ರವ ಹಾಕಿದ ಮಕ್ಕಳಲ್ಲಿ 48 ಗಂಟೆಯೊಳಗೆ ಸತ್ತವರು ಶೇ 10.5ರ ಆಸುಪಾಸು. ಒಮ್ಮೆಲೇ ಹಾಕದೆ ನಿಧಾನಕ್ಕೆ ಕೊಟ್ಟ ಮಕ್ಕಳಲ್ಲಿ ಶೇ 7.3. ದೊಡ್ಡ ಆಸ್ಪತ್ರೆಗಳವರು 'ಅದು ಆಫ್ರಿಕಾ, ಅಲ್ಲಿ ವೆಂಟಿಲೇಟರ್ ಇರಲಿಲ್ಲ' ಎಂದರು. ನಮ್ಮ ತಾಲೂಕು ಆಸ್ಪತ್ರೆಯಲ್ಲಿ ರಾತ್ರಿ ಎರಡಕ್ಕೆ ಮಕ್ಕಳಿಗೆ ವೆಂಟಿಲೇಟರ್ ಇರುತ್ತದಾ? ನನಗಂತೂ ಆ ಅಧ್ಯಯನ ಕುಮಟೆಯಲ್ಲೇ ಮಾಡಿದ ಹಾಗೆ ಕಂಡಿತು. ಒಂದು ಮಾತು ಮಾತ್ರ ನೆನಪಿರಲಿ. ವಾಂತಿ-ಭೇದಿಯ ಮಕ್ಕಳನ್ನು ಆ ಅಧ್ಯಯನಕ್ಕೆ ಸೇರಿಸಿರಲಿಲ್ಲ. ನೀರೇ ಬತ್ತಿಹೋದ ಮಗುವಿಗೆ ನೀರು ಬೇಕೇ ಬೇಕು.

ನಾನು ಸಿಸ್ಟರ್‌ಗಳಿಗೆ ಕಲಿಸುವುದು ಹೀಗೆ. ಸಲೈನ್ ಶುರುಮಾಡುವ ಮೊದಲು ಬಲಗಡೆ ಪಕ್ಕೆಲುಬಿನ ಕೆಳಗೆ ಬೆರಳಿಟ್ಟು ಲಿವರ್ ಅಂಚು ಹುಡುಕಿ. ಅಲ್ಲಿ ಬಾಲ್‌ಪೆನ್ನಿಂದ ಹೊಟ್ಟೆಯ ಮೇಲೆ ಒಂದು ಗೆರೆ ಎಳೆಯಿರಿ. ಕೆ.ಜಿ.ಗೆ 10 ಎಂ.ಎಲ್ ಹೋದ ಮೇಲೆ ಮತ್ತೆ ಮುಟ್ಟಿ ನೋಡಿ. ಅಂಚು ಗೆರೆ ದಾಟಿ ಕೆಳಗೆ ಬಂದಿದೆಯಾ? ಉಸಿರು ಜೋರಾಗಿದೆಯಾ? ಹಾಗಿದ್ದರೆ ನೀರು ಹೆಚ್ಚಾಗಿದೆ ಎಂದರ್ಥ, ಸಲೈನ್ ನಿಲ್ಲಿಸಿ ಫೋನ್ ಮಾಡಿ. ಇದಕ್ಕೆ ಯಾವ ಮೆಷಿನ್ನೂ ಬೇಡ. ಈಗ ಕೆಲವು ಮಕ್ಕಳು ಹೊಟ್ಟೆ ಮೇಲೆ ನೀಲಿ ಗೆರೆ ಹೊತ್ತೇ ನಮ್ಮಲ್ಲಿಗೆ ಬರುತ್ತಾರೆ. ಅದನ್ನು ಕಂಡರೆ ನನಗೆ ಎಷ್ಟು ಖುಷಿ ಅಂದರೆ, ಪೇಪರ್ ಪಬ್ಲಿಷ್ ಆದರೂ ಅಷ್ಟಾಗುವುದಿಲ್ಲ.

ನೀಲಿ ಅಂದಾಗ ನೆನಪಾಯಿತು. ಶಿರಸಿ ಕಡೆ ಮಳೆಗೆ ಮುಂಚೆ ಅಡಿಕೆಗೆ ಕೊಳೆ ರೋಗ ಬಾರದಂತೆ ಬೋರ್ಡೋ ದ್ರಾವಣ ಹೊಡೆಯುತ್ತಾರಲ್ಲ, ಆ ದಿನಗಳಲ್ಲಿ ಅದಕ್ಕೆ ಬೆರೆಸುವ ಮೈಲುತುತ್ತ (ಕಾಪರ್ ಸಲ್ಫೇಟ್) ಅಂಗಳದಲ್ಲಿ, ಕೊಟ್ಟಿಗೆಯಲ್ಲಿ ಬಿದ್ದಿರುತ್ತದೆ. ನೀಲಿ ಹರಳು ಮಕ್ಕಳಿಗೆ ಕಲ್ಲುಸಕ್ಕರೆ ಥರ ಕಾಣುತ್ತದೆ. "ಡಾಕ್ಟ್ರೇ, ಮಾಣಿ ನೀಲಿ ವಾಂತಿ ಮಾಡ್ತಾ ಇದ್ದ" ಅಂತ ಅಜ್ಜಿಯೊಬ್ಬರು ಫೋನ್ ಮಾಡಿದರೆ ಬೇರೆ ಟೆಸ್ಟ್ ಬೇಡ. ಮನೆಯವರು ಮಾಡುವ ಮೊದಲ ಕೆಲಸ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು. ದಯವಿಟ್ಟು ಅದೊಂದು ಮಾಡಬೇಡಿ. ಹೊಟ್ಟೆ ಸುಟ್ಟಿರುತ್ತದೆ, ಮೇಲೆ ಬರುವಾಗ ಇನ್ನಷ್ಟು ಸುಡುತ್ತದೆ. ಜೊತೆಗೆ ಉಪ್ಪಿನದೇ ಬೇರೆ ಅಪಾಯ.

ಈ ಮೈಲುತುತ್ತದ ಕಷ್ಟ ಏನೆಂದರೆ, ಮಗು ಸಂಜೆ ಚೆನ್ನಾಗೇ ಕಾಣಬಹುದು. ರಕ್ತಕಣ ಒಡೆಯುವುದು, ಕಿಡ್ನಿ ಕೆಡುವುದು ಆಮೇಲೆ. ಕೆಲವರಲ್ಲಿ ರಕ್ತ ಚಾಕೊಲೇಟ್ ಬಣ್ಣಕ್ಕೆ ತಿರುಗುತ್ತದೆ. ಎಷ್ಟೇ ಆಕ್ಸಿಜನ್ ಕೊಡಿ, ಬೆರಳಿನ ಮೀಟರ್ 85ರ ಆಚೀಚೆ ನಿಂತುಬಿಡುತ್ತದೆ. ಇಂಟರ್ನಿಗಳಿಗೆ ನಾನು ಹೇಳುವುದು: ಮೀಟರ್ ಜೊತೆ ಜಗಳ ಆಡಬೇಡಿ, ಬಿಳಿ ಗಾಜ್ ಮೇಲೆ ಒಂದು ಹನಿ ರಕ್ತ ಬಿಟ್ಟು ನೋಡಿ. ಗಾಳಿಗೆ ಇಟ್ಟರೂ ಕೆಂಪಾಗದಿದ್ದರೆ ಅದಕ್ಕೆ ಮದ್ದಾದ ಮೆಥಿಲೀನ್ ಬ್ಲೂ ಎಲ್ಲಿದೆ ಅಂತ ಹುಡುಕಿ. ಮೂತ್ರದ ಬಣ್ಣ ಎರಡು-ಮೂರು ದಿನ ಬರೆದಿಡಿ.

ರಿಸರ್ಚ್ ಅಂದರೆ ದೊಡ್ಡ ಲ್ಯಾಬ್ ಬೇಕು ಎನ್ನುವವರಿಗೆ ನಾನು ಮಹಾರಾಷ್ಟ್ರದ ಮಹಾಡದ ವೈದ್ಯ ಹಿಮ್ಮತರಾವ್ ಬಾವಸ್ಕರ್ ಅವರ ಕತೆ ಹೇಳುತ್ತೇನೆ. ನಮ್ಮದೇ ಕರಾವಳಿಯ ಮೇಲ್ತುದಿ, ರಾಯಗಡ ಜಿಲ್ಲೆ. ಕೆಂಪು ಚೇಳು ಕಡಿದ ಮಕ್ಕಳು ಬೆವೆತು, ಕೈಕಾಲು ತಣ್ಣಗಾಗಿ, ಶ್ವಾಸಕೋಶದಲ್ಲಿ ನೀರು ತುಂಬಿ ಸಾಯುತ್ತಿದ್ದರು. ಬಾವಸ್ಕರ್ ಹಾಸಿಗೆ ಪಕ್ಕ ಕೂತು ನಾಡಿ, ಬಿಪಿ ಬರೆದರು. ಪ್ರಾಜೋಸಿನ್ ಎಂಬ ಹಳೇ ಬಿಪಿ ಮಾತ್ರೆ ಕೊಟ್ಟು ನೋಡಿದರು. 1980ರ ದಶಕದಲ್ಲಿ ಅವರು ಬರೆದದ್ದು 'ಲ್ಯಾನ್ಸೆಟ್'ನಲ್ಲಿ ಬಂತು. 2022ರಲ್ಲಿ ಪದ್ಮಶ್ರೀ ಬಂತು. ನಮ್ಮಲ್ಲೂ ಚಿರೆಕಲ್ಲು ರಾಶಿ ಹತ್ತಿರ ಆಡುವ ಮಕ್ಕಳಿಗೆ ಚೇಳು ಕಡಿಯುತ್ತದೆ. ಪ್ರಾಜೋಸಿನ್ ಕೆ.ಜಿ.ಗೆ 30 ಮೈಕ್ರೊಗ್ರಾಂ, ಕೈಕಾಲು ಬೆಚ್ಚಗಾಗುವ ತನಕ ಮೂರು ಗಂಟೆಗೊಮ್ಮೆ, ಮಗುವನ್ನು ಮಲಗಿಸಿಯೇ ಇಡಬೇಕು. ಎತ್ತಿ ನಿಲ್ಲಿಸಿದರೆ ಬಿಪಿ ಇಳಿಯುತ್ತದೆ. ಆ ಮಾತ್ರೆ ನಮ್ಮ ಎಮರ್ಜೆನ್ಸಿ ಟ್ರಾಲಿಯ ಮೇಲಿನ ಡ್ರಾಯರ್‌ನಲ್ಲಿದೆ.

ನನ್ನ ರಿಸರ್ಚ್ ಅದಕ್ಕಿಂತ ತುಂಬಾ ಸಪ್ಪೆ. ರೆಫರಲ್ ಚೀಟಿ ಓದುವುದು. ಮಗು ಮೊದಲು ಎಲ್ಲಿಗೆ ಬಂತು, ಎಷ್ಟೊತ್ತಿಗೆ ಹೊರಟಿತು, ಏನು ಕೊಟ್ಟರು, ತೂಕ ಎಷ್ಟು? ಎಷ್ಟೋ ಚೀಟಿಗಳಲ್ಲಿ ತೂಕವೇ ಇರುತ್ತಿರಲಿಲ್ಲ. ಮಕ್ಕಳಲ್ಲಿ ತೂಕ ಗೊತ್ತಿಲ್ಲದೆ ಒಂದು ಔಷಧವನ್ನೂ ಸರಿಯಾಗಿ ಕೊಡಲು ಬರುವುದಿಲ್ಲ, ಅಲ್ವಾ? ಅಮೆರಿಕದ ಮಕ್ಕಳ ಅಳತೆಯ ಬ್ರೋಸ್‌ಲೋ ಟೇಪು ಹಾಸಿ, ಮಗುವಿನ ಉದ್ದ ನೋಡಿ ತೂಕ ಅಂದಾಜು ಮಾಡುತ್ತಾರೆ. 10 ಕೆ.ಜಿ ದಾಟಿದ ಭಾರತದ ಮಕ್ಕಳಲ್ಲಿ ಅದು ತೂಕವನ್ನು ಜಾಸ್ತಿ ತೋರಿಸುತ್ತದೆ ಎಂದು ಇಲ್ಲಿನ ಅಧ್ಯಯನಗಳು ಹೇಳಿವೆ. ಅದಕ್ಕೇ ತಕ್ಕಡಿಯನ್ನು ಓಪಿಡಿಯಿಂದ ಕ್ಯಾಶುವಾಲ್ಟಿ ಬಾಗಿಲಿಗೆ ತಂದಿಡಿ ಎಂದು ತಾಲೂಕುಗಳಿಗೆ ಬೆನ್ನು ಹತ್ತಿದೆವು. ಒಂದು ಕಡೆ 'ಸ್ಟಾಕ್ ರಿಜಿಸ್ಟರ್‌ನಲ್ಲಿ ಅದು ಓಪಿಡಿ ಲೆಕ್ಕದಲ್ಲಿದೆ' ಅಂತ ತಿಂಗಳುಗಟ್ಟಲೆ ತಡೆದರು. ಈಗ ಬಂದಿದೆ.

ಜ್ವರದ ಫಿಟ್ಸ್ ಬಗ್ಗೆ ಮಾತ್ರ ಸಿಸ್ಟರ್‌ಗಳಿಗಿಂತ ತಾಯಂದಿರಿಗೆ ಕಲಿಸುವುದು ಜಾಸ್ತಿ. ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಇದು ಸಾಮಾನ್ಯ, ಹೆಚ್ಚಿನವು ಐದು ನಿಮಿಷದೊಳಗೆ ತಾನಾಗೇ ನಿಲ್ಲುತ್ತವೆ. ಮಗುವನ್ನು ಪಕ್ಕಕ್ಕೆ ಮಲಗಿಸಿ, ಗಡಿಯಾರ ನೋಡಿ. ಕೀಲಿಕೈ, ಈರುಳ್ಳಿ, ಬಾಯಿಗೆ ಚಮಚ ಯಾವುದೂ ಬೇಡ. ಐದು ನಿಮಿಷ ದಾಟಿದರೆ ಮೂಗಿಗೆ ಫಿಟ್ಸ್ ನಿಲ್ಲಿಸುವ ಮಿಡಜೋಲಾಮ್, ಕೆ.ಜಿ.ಗೆ 0.2 ಮಿ.ಗ್ರಾಂ. ಇದನ್ನು 108ರ ಹುಡುಗರೂ ಕಲಿತರೆ ದಾರಿಯಲ್ಲಿ ನಡುಗುತ್ತಾ ಬರುವ ಮಕ್ಕಳು ಕಡಿಮೆಯಾಗುತ್ತಾರೆ.

ಸಂಬಳದ ಬಗ್ಗೆ ಎಲ್ಲರೂ ಕೇಳುತ್ತಾರೆ. ಪೇಟೆಗಿಂತ ಕಡಿಮೆ, ಖರ್ಚೂ ಕಡಿಮೆ. ಮನೆಯವರನ್ನು ಒಪ್ಪಿಸುವುದೇ ಕಷ್ಟದ ಕೆಲಸ.

ಬರುವವರು ಮೇ ತಿಂಗಳಲ್ಲೇ ಬಂದುಬಿಡಿ. ನಮ್ಮ ತಾಲೂಕು ತರಬೇತಿ ಎಲ್ಲ ಆಗಲೇ ನಡೆಯುತ್ತದೆ, ತರಬೇತಿಯ ಗೊಂಬೆ ಹೊತ್ತುಕೊಂಡು ಓಡಾಡಲು ಕೈ ಬೇಕು. ಜೂನ್ ಮೊದಲ ವಾರದಿಂದ ಕಲಿಸಲು ಪುರುಸೊತ್ತು ಸಿಗುವುದಿಲ್ಲ.