ಬಾದಾಮಿಯ ಕಣ್ಣಲ್ಲಿ ಕಂಚಿ ನೋಡಿದ್ದು

ನಮ್ಮ ಕಡೆಯವರು ಕಂಚಿಗೆ ಹೋಗುವುದು ಸಾಮಾನ್ಯವಾಗಿ ತಿರುಪತಿಯಿಂದಲೋ ಚೆನ್ನೈನಿಂದಲೋ ಅರ್ಧ ದಿನ ಬಿಡುವು ಮಾಡಿಕೊಂಡು. ಕಾಮಾಕ್ಷಿ, ಏಕಾಮ್ರೇಶ್ವರ, ವರದರಾಜ, ಆಮೇಲೆ ಸೀರೆ ಅಂಗಡಿ. ಮುಗೀತು. ನನಗೆ ಆ ಊರು ನೋಡಬೇಕು ಅನ್ನಿಸಿದ್ದು ಬಾದಾಮಿಯಿಂದ. ಅಲ್ಲಿ ಅಗಸ್ತ್ಯ ತೀರ್ಥದ ಹತ್ತಿರದ ಬಂಡೆಯೊಂದರ ಮೇಲೆ ಪಲ್ಲವ ನರಸಿಂಹವರ್ಮನ ಶಾಸನ ಇದೆ. 642ರ ಸುಮಾರಿಗೆ ಇಮ್ಮಡಿ ಪುಲಕೇಶಿಯನ್ನು ಸೋಲಿಸಿ, ರಾಜಧಾನಿ ಹಿಡಿದು, 'ವಾತಾಪಿಕೊಂಡ', ಅಂದರೆ ಬಾದಾಮಿ ಗೆದ್ದವನು ಎಂದು ಬಿರುದು ಇಟ್ಟುಕೊಂಡವನು ಅವನು. ಸುಮಾರು ನೂರು ವರ್ಷದ ಮೇಲೆ ಚಾಲುಕ್ಯರ ಇಮ್ಮಡಿ ವಿಕ್ರಮಾದಿತ್ಯ ಪಲ್ಲವರ ರಾಜಧಾನಿ ಕಂಚಿಗೆ ನುಗ್ಗಿದ. ನುಗ್ಗಿದವನು ಅಲ್ಲಿ ಮಾಡಿದ್ದೇನು ಅನ್ನುವುದನ್ನು ನೋಡಬೇಕಿತ್ತು.

ಬೆಂಗಳೂರಿನಿಂದ ಕಂಚಿ ರಸ್ತೆಯಲ್ಲಿ ಸುಮಾರು 275 ಕಿಲೋಮೀಟರ್. ಬೆಳಿಗ್ಗೆ ಹೊರಟು ಮಧ್ಯಾಹ್ನ ತಲುಪುವ ಲೆಕ್ಕ ಹಾಕಬೇಡಿ. ಮಧ್ಯಾಹ್ನ ಹನ್ನೆರಡರ ಆಸುಪಾಸಿಗೆ ಹೆಚ್ಚಿನ ದೇವಸ್ಥಾನಗಳ ಬಾಗಿಲು ಬೀಳುತ್ತದೆ, ಮತ್ತೆ ತೆಗೆಯುವುದು ನಾಲ್ಕಕ್ಕೆ. ಆ ಹೊತ್ತಿನ ಬಿಸಿಲಲ್ಲಿ ಸುಮ್ನೆ ಅಲೆಯುವುದು ಶಿಕ್ಷೆ. ನಾನು ಹಿಂದಿನ ಸಂಜೆಯೇ ಹೋಗಿ ಉಳಿದುಕೊಂಡೆ. ಆಟೋದವರ ಹತ್ತಿರ ಮೊದಲೇ ಎರಡು ಮಾತು ಆಡಿದ್ದೆ: ಇಷ್ಟು ದೇವಸ್ಥಾನ, ಇಷ್ಟು ದುಡ್ಡು. ಮತ್ತೆ, ಸೀರೆ ಅಂಗಡಿ ಬೇಡ. ಎರಡನೆಯದು ಹೇಳದಿದ್ದರೆ ಪ್ರತಿ ದೇವಸ್ಥಾನದ ಪಕ್ಕದಲ್ಲೂ ಒಂದು 'ನೇಕಾರರ ಮನೆ' ಸಿಗುತ್ತದೆ!

ಬೆಳಿಗ್ಗೆ ಮೊದಲು ಹೋಗಿದ್ದು ಕೈಲಾಸನಾಥಕ್ಕೆ. ಪೂರ್ವಕ್ಕೆ ಮುಖ ಮಾಡಿರುವ ಗುಡಿ, ಹಾಗಾಗಿ ಎಳೆ ಬಿಸಿಲು ನೇರ ಬೀಳುತ್ತದೆ. ಎಂಟನೇ ಶತಮಾನದ ಆರಂಭದಲ್ಲಿ ರಾಜಸಿಂಹ ಪಲ್ಲವ ಕಟ್ಟಿಸಿದ್ದು. ಊರಿನ ಗದ್ದಲದಿಂದ ಸ್ವಲ್ಪ ದೂರ. ಜನ ಕಡಿಮೆ. ಅಂಗಳದ ಸುತ್ತ ಐವತ್ತಕ್ಕೂ ಜಾಸ್ತಿ ಪುಟ್ಟ ಪುಟ್ಟ ಗೂಡುಗುಡಿಗಳು, ಅವುಗಳ ನಡುವೆ ಹಿಂಗಾಲ ಮೇಲೆ ಎದ್ದು ನಿಂತ ಸಿಂಹಗಳ ಸಾಲು. ಮರಳುಗಲ್ಲು ಆದ್ದರಿಂದ ಮುಖಗಳು ಸವೆದು ಹೋಗಿವೆ. ಕೆಲವಕ್ಕೆ ಯಾವ ಕಾಲದಲ್ಲೋ ಗಾರೆ ಮೆತ್ತಿ ಸರಿ ಮಾಡಿದ್ದಾರೆ, ನನಗೇನೋ ಸವೆದವೇ ಚೆನ್ನಾಗಿ ಕಂಡವು. ಗೂಡುಗಳ ಒಳಗೆ ಬಗ್ಗಿ ನೋಡಿ. ಒಂದೆರಡು ಕಡೆ ಹಳೆಯ ಬಣ್ಣದ ಚಿತ್ರದ ಚೂರುಗಳು ಉಳಿದಿವೆ. ಕೆಂಪು, ಹಳದಿ ಗೆರೆ, ಅರ್ಧ ಮುಖ, ಒಂದು ಕಣ್ಣು. ಹಾಗಾದರೆ ಇಡೀ ಗುಡಿಗೇ ಒಂದು ಕಾಲದಲ್ಲಿ ಬಣ್ಣ ಇತ್ತು ಅಂತಾಯ್ತು, ಅಲ್ವಾ?

ಗರ್ಭಗುಡಿಯ ಸುತ್ತ ಕಿರಿದಾದ ಪ್ರದಕ್ಷಿಣೆಯ ದಾರಿ ಇದೆ. ಒಳಗೆ ಹೋಗುವಾಗಲೂ ಹೊರಬರುವಾಗಲೂ ತೆವಳಬೇಕು. ಹಾಗೆ ಸುತ್ತಿ ಬಂದವರಿಗೆ ಮತ್ತೆ ಹುಟ್ಟಿಲ್ಲ ಎಂದು ನಂಬಿಕೆ. ಮಂಡಿ ನೋವಿದ್ದವರು ಕೈಮುಗಿದು ಮುಂದೆ ಹೋದರೆ ದೇವರೇನೂ ಬೇಜಾರು ಮಾಡಿಕೊಳ್ಳುವುದಿಲ್ಲ.

ನಾನು ಬಂದಿದ್ದು ಮುಂದಿನ ಮಂಟಪದ ಕಂಬಕ್ಕಾಗಿ. ಅಲ್ಲಿ ಹಳಗನ್ನಡದಲ್ಲಿ ವಿಕ್ರಮಾದಿತ್ಯನ ಶಾಸನ ಇದೆ. ಕಂಚಿಯನ್ನು ಗೆದ್ದ ಮೇಲೆ ಈ ದೇವರ ಸಂಪತ್ತನ್ನು ನೋಡಿ, ಅದನ್ನು ಹೊತ್ತುಕೊಂಡು ಹೋಗದೆ ದೇವರಿಗೇ ಬಿಟ್ಟುಕೊಟ್ಟ ಎನ್ನುವುದು ಅದರ ಸಾರ. ಶತ್ರುವಿನ ರಾಜಧಾನಿಯಲ್ಲಿ, ಶತ್ರು ಕಟ್ಟಿಸಿದ ಗುಡಿಯಲ್ಲಿ, ನಮ್ಮ ಭಾಷೆಯಲ್ಲಿ! ಅಕ್ಷರಗಳು ನಮಗೆ ಓದಲು ಬರುವಂಥವಲ್ಲ. ಆದರೂ ಸ್ವಲ್ಪ ಹೊತ್ತು ನಿಂತು ನೋಡಿದೆ. ಕಾವಲಿಗೆ ಇದ್ದವರನ್ನು 'ಕನ್ನಡ ಕಲ್ವೆಟ್ಟು' ಎಂದು ಕೇಳಿದರೆ ಕೈ ತೋರಿಸುತ್ತಾರೆ. ಊರಿಗೆ ಮರಳಿದ ಮೇಲೆ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ ಈ ಗೆಲುವಿನ ನೆನಪಿಗೆ ಪಟ್ಟದಕಲ್ಲಿನಲ್ಲಿ ಇದನ್ನೇ ಹೋಲುವ ವಿರೂಪಾಕ್ಷ ದೇವಾಲಯ ಕಟ್ಟಿಸಿದಳು. ಪಟ್ಟದಕಲ್ಲು ನೋಡಿದವರಿಗೆ ಕೈಲಾಸನಾಥದ ವಿಮಾನ (ಗರ್ಭಗುಡಿಯ ಮೇಲಿನ ಶಿಖರ) ಎಲ್ಲೋ ನೋಡಿದ ಹಾಗಿದೆ ಅನ್ನಿಸುವುದು ಅದಕ್ಕೇ.

ಅಲ್ಲಿಂದ ಏಕಾಮ್ರೇಶ್ವರ. 59 ಮೀಟರ್ ಎತ್ತರದ ರಾಜಗೋಪುರ 1509ರಲ್ಲಿ ಕೃಷ್ಣದೇವರಾಯ ಕಟ್ಟಿಸಿದ್ದು. ಪೃಥ್ವಿಲಿಂಗ, ಮಾವಿನ ಮರ, ಉದ್ದುದ್ದ ಪ್ರಾಕಾರ. ನೆರಳಲ್ಲಿ ಕೂರಲು ಇಷ್ಟು ಒಳ್ಳೆಯ ಜಾಗ ಊರಲ್ಲಿ ಇನ್ನೊಂದಿಲ್ಲ. ಕಾಮಾಕ್ಷಿಗೆ ಶುಕ್ರವಾರ ಹೋಗಬೇಡಿ, ಅಷ್ಟೇ ಹೇಳುತ್ತೇನೆ.

ಸಂಜೆ ನಾಲ್ಕಕ್ಕೆ ವೈಕುಂಠ ಪೆರುಮಾಳ್. ಇಲ್ಲಿಗೆ ಪ್ರವಾಸಿಗರು ಜಾಸ್ತಿ ಬರುವುದಿಲ್ಲ, ನನಗೆ ಅತಿ ಇಷ್ಟವಾದದ್ದು ಇದೇ. ಮೂರು ಅಂತಸ್ತಿನಲ್ಲಿ ವಿಷ್ಣು: ಕೆಳಗೆ ಕುಳಿತಿದ್ದಾನೆ, ನಡುವೆ ಮಲಗಿದ್ದಾನೆ, ಮೇಲೆ ನಿಂತಿದ್ದಾನೆ. ಸುತ್ತಲಿನ ಮೊಗಸಾಲೆಯ ಗೋಡೆಯ ಮೇಲೆ ಪಲ್ಲವರ ಇಡೀ ವಂಶದ ಕಥೆಯನ್ನು ಕಲ್ಲಲ್ಲಿ ಕೆತ್ತಿದ್ದಾರೆ. ಪಟ್ಟಾಭಿಷೇಕ, ಆನೆ, ಕುದುರೆ, ಯುದ್ಧ. ಕಟ್ಟಿಸಿದವನು ಇಮ್ಮಡಿ ನಂದಿವರ್ಮ. ಅಂದರೆ ವಿಕ್ರಮಾದಿತ್ಯನ ಕೈಲಿ ಸೋತವನು ಇವನೇ. ಸೋತರೂ ಆಮೇಲೆ ಬಹಳ ವರ್ಷ ಆಳಿದ. ಬೆಳಿಗ್ಗೆ ಗೆದ್ದವನ ಮಾತು, ಸಂಜೆ ಸೋತವನ ಮಾತು, ಎರಡೂ ಒಂದೇ ಊರಲ್ಲಿ ನೋಡಿದ ಹಾಗಾಯ್ತು. ಒಳಗೆ ಬೆಳಕು ಕಡಿಮೆ. ಕತ್ತಲಾಗುವ ಮುಂಚೆ ಹೋಗಿ.

ವರದರಾಜಸ್ವಾಮಿ ದೇವಸ್ಥಾನಕ್ಕೆ ಮರುದಿನ ಬೆಳಿಗ್ಗೆ ಇಟ್ಟುಕೊಂಡೆ. ಅದು ವಿಷ್ಣುಕಂಚಿ, ಊರಿನ ಇನ್ನೊಂದು ತುದಿ. ಎಲ್ಲರೂ ಬಂಗಾರದ ಹಲ್ಲಿ ಮುಟ್ಟಲು ಸಾಲು ನಿಲ್ಲುತ್ತಾರೆ. ಕಲ್ಯಾಣ ಮಂಟಪದಲ್ಲಿ ಮಾತ್ರ ಜನ ನಿಲ್ಲುವುದಿಲ್ಲ. ವಿಜಯನಗರ ಕಾಲದ್ದು. ಕಂಬಗಳ ಮೇಲೆ ಕುದುರೆ ಸವಾರರು, ಸೂರಿನ ಮೂಲೆಯಲ್ಲಿ ಒಂದೇ ಕಲ್ಲಿನಿಂದ ಕಡೆದ ಸರಪಳಿ. ಹತ್ತಿರದಿಂದ ನೋಡಿದರೆ ಒಂದೊಂದು ಕೊಂಡಿಯೂ ಬಿಡಿಬಿಡಿ. ಪಕ್ಕದ ಪುಷ್ಕರಣಿಯೊಳಗೆ ಅತ್ತಿ ಮರದಲ್ಲಿ ಕಡೆದ ವರದರ ಮೂರ್ತಿ ಮಲಗಿದೆ. ನಲವತ್ತು ವರ್ಷಕ್ಕೊಮ್ಮೆ ಹೊರಗೆ ತರುತ್ತಾರೆ. ಹಿಂದಿನದು 2019ರಲ್ಲಿ, 48 ದಿನ. ಮುಂದಿನದು 2059. ಇಲ್ಲಿ ಪ್ರಸಾದದ ಇಡ್ಲಿ ಸಿಕ್ಕರೆ ಬಿಡಬೇಡಿ. ಮೆಣಸು, ಜೀರಿಗೆ, ಶುಂಠಿ ಹಾಕಿ ಉದ್ದಕ್ಕೆ ಬೇಯಿಸಿರುತ್ತಾರೆ, ಚಟ್ನಿ ಬೇಕಾಗುವುದಿಲ್ಲ.

ಊರು ಬಿಡುವ ಮುಂಚೆ ಸಮಯ ಇದ್ದರೆ ತಿರುಪ್ಪರುತ್ತಿಕುಂಡ್ರಂ ಎಂಬ ಹಳ್ಳಿಗೆ ಹೋಗಿ. ಜಿನಕಂಚಿ ಅಂದರೆ ಅದೇ. ತ್ರೈಲೋಕ್ಯನಾಥ ಬಸದಿಯ ಸಂಗೀತ ಮಂಟಪದ ಚಾವಣಿ ತುಂಬ ಚಿತ್ರಗಳು. ಮಂಟಪ ಕಟ್ಟಿಸಿದವನು ವಿಜಯನಗರದ ಜೈನ ದಂಡನಾಯಕ ಇರುಗಪ್ಪ. ಹಂಪಿಯ ಗಾಣಗಿತ್ತಿ ಬಸದಿಯೂ ಅವನದೇ. ಕತ್ತು ಮೇಲೆತ್ತಿ ನೋಡಬೇಕು, ಕೆಳಗೆ ಮಲಗಿ ನೋಡಿದರೆ ಇನ್ನೂ ವಾಸಿ. ನೆಲ ತಣ್ಣಗಿರುತ್ತದೆ, ಯಾರೂ ಏನೂ ಅನ್ನಲಿಲ್ಲ.